ಲಾಕ್ ಆಗುವ ಮುನ್ನ

ಯುದ್ಧವಿಮಾನದ ಸಿಮ್ಯುಲೇಟರನ್ನು ಹವ್ಯಾಸವಾಗಿ ಕೈಗೊಂಡವರಲ್ಲಿ ಬಹುಮಂದಿ, ಅದರ ಸಾರವೆಲ್ಲ ಗುಂಡಿಯೊತ್ತಿ ಕ್ಷಿಪಣಿಯನ್ನು ಬಿಡುವ ಒಂದು ಕ್ಷಣದಲ್ಲಿ ಅಡಗಿದೆಯೆಂದು ಭಾವಿಸುವರು. ಆದರೆ ಈ ವಿದ್ಯೆಯ ಸಹವಾಸದಲ್ಲಿ ಬಹುಕಾಲ ಕಳೆದವರು, ಕ್ಷಿಪಣಿ ರೆಕ್ಕೆಯಿಂದ ಕಳಚಿಕೊಳ್ಳುವುದಕ್ಕೆ ಮೊದಲಿನ ಎರಡು ಮೂರು ನಿಮಿಷಗಳಲ್ಲಿ, ಅಂದರೆ ಕಣ್ಣಿಗೆ ನಿಲುಕದಷ್ಟು ದೂರದಲ್ಲಿ ಹಾರುತ್ತಿರುವ ವಸ್ತುವೊಂದನ್ನು ಹುಡುಕಿ, ಅದು ಏನೆಂದು ಅರಿತು, ಯಾರದೆಂದು ನಿಶ್ಚಯಿಸುವ ವ್ಯಾಪಾರದಲ್ಲಿಯೇ ಇದರ ನಿಜವಾದ ರಸವಿದೆಯೆಂಬುದನ್ನು ಬಲ್ಲರು. ಹೊಡೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಾಣುವುದನ್ನು ಕಲಿಯಲು ವರ್ಷಗಳು ಬೇಕಾಗುವುವು.

ನಾನು ವಾಸವಾಗಿರುವ ಫಿಂಟಾಸ್ ಕುವೈತಿನ ಅಹ್ಮದಿ ಪ್ರಾಂತ್ಯಕ್ಕೆ ಸೇರಿದ ಕಡಲ ತಡಿಯ ಊರು. ಜೂನ್ ತಿಂಗಳಿನಿಂದ ಮೊದಲ್ಗೊಂಡು ಹೊರಗೆ ಹೆಜ್ಜೆಯಿಡಲಾರದಂತಹ ಬಿಸಿಲು ಕಾಯುವ ಈ ಸೀಮೆಯಲ್ಲಿ, ವಾರದ ರಜೆಗೆ ಮುನ್ನಿನ ಗುರುವಾರ ರಾತ್ರಿಯನ್ನು ತಂಪಾದ ಕೋಣೆಯೊಳಗೆ ಜಾಯ್‌ಸ್ಟಿಕ್ ಮತ್ತು ಥ್ರಾಟಲ್‌ಗಳ ಮುಂದೆ ಕಳೆಯುವ ಕನ್ನಡಿಗರ ಸಣ್ಣದೊಂದು ಬಳಗ ನಮ್ಮದು. ನಾವು ಹಾರಿಸುವುದು ಬಹುಮಟ್ಟಿಗೆ ಡಿಸಿಎಸ್ ಎಂಬ ಸಿಮ್ಯುಲೇಟರಿನಲ್ಲಿ 2018ರಲ್ಲಿ ಬಂದ ಎಫ್/ಎ-18ಸಿ ಹಾರ್ನೆಟ್ ವಿಮಾನವನ್ನು. ಈ ಆಯ್ಕೆಗೆ ಸ್ಥಳಮಹಿಮೆಯೂ ಒಂದು ಕಾರಣ. 1990ರಲ್ಲಿ ನಡೆದ ಇರಾಕಿನ ಆಕ್ರಮಣದಿಂದ ಬಿಡುಗಡೆ ಹೊಂದಿದ ಕುವೈತು ತನ್ನ ವಾಯುಸೇನೆಯನ್ನು ಮರಳಿ ಕಟ್ಟಿದುದು ಇದೇ ಕುಲದ ನಲವತ್ತು ವಿಮಾನಗಳಿಂದ. ಒಬ್ಬರೇ ಕೂರುವಂಥವು 32, ಇಬ್ಬರು ಕೂರುವಂಥವು 8. ಅಷ್ಟೇ ಅಲ್ಲ, 1991ರಲ್ಲಿ ಬಂದು ಮನೆಯ ಕಂಪ್ಯೂಟರಿನ ಮೇಲೆ ರೇಡಾರ್ ವಿದ್ಯೆಯನ್ನು ಮೊತ್ತಮೊದಲು ಗಂಭೀರವಾಗಿ ಕಲಿಸಿದ ಆಟಗಳಲ್ಲೊಂದಾದ ಫಾಲ್ಕನ್ 3.0ರ ಮೂರು ರಣಭೂಮಿಗಳಲ್ಲಿ ಒಂದು ಕುವೈತೇ ಆಗಿತ್ತು.

ರೇಡಾರಿನ ವಿಷಯದಲ್ಲಿ ಹೊಸಬರಿಗೆ ಮೊದಲು ಬಿಡಿಸಿ ಹೇಳಬೇಕಾದುದು ಏನೆಂದರೆ, ಅದು ಎಲ್ಲವನ್ನೂ ಒಮ್ಮೆಗೇ ನೋಡುವ ಕಣ್ಣಲ್ಲ. ರಾತ್ರಿಯ ಹೊತ್ತು ಅಡಕೆ ತೋಟದಲ್ಲಿ ಸದ್ದಾದಾಗ ಟಾರ್ಚ್ ಹಿಡಿದು ಹೊರಟವನಿಗೆ ಬೆಳಕು ಬಿದ್ದ ಕಡೆಯ ಮರ ಮಾತ್ರ ಕಾಣುವಂತೆ, ವಿಮಾನದ ಮೂಗಿನಲ್ಲಿರುವ ಆಂಟೆನಾ ತಾನು ತಿರುಗಿದ ಕಡೆಯ ಕಿರಿದಾದ ಭಾಗವನ್ನಷ್ಟೇ ಕಾಣಬಲ್ಲುದು. ಹಾರ್ನೆಟ್ಟಿನಲ್ಲಿ ಅದು ಎಡಬಲಗಳಿಗೆ ತೂಗಾಡುವ ಅಗಲವನ್ನು 140 ಡಿಗ್ರಿಯಿಂದ 20 ಡಿಗ್ರಿಯವರೆಗೆ ಕಿರಿದುಗೊಳಿಸಬಹುದು. ಒಂದರ ಕೆಳಗೊಂದರಂತೆ ಎಷ್ಟು ಸಾಲು ಗುಡಿಸಬೇಕೆಂಬುದನ್ನು ಒಂದು, ಎರಡು, ನಾಲ್ಕು, ಆರು ಎಂದು ಗೊತ್ತುಮಾಡಬಹುದು. ಅಗಲವೂ ಸಾಲುಗಳೂ ಹೆಚ್ಚಿದಷ್ಟು ಆಕಾಶವೇನೋ ಹೆಚ್ಚು ದೊರೆಯುವುದು, ಆದರೆ ಅದೇ ಜಾಗಕ್ಕೆ ಆಂಟೆನಾ ಮರಳಿ ಬರಲು ತಡವಾಗುವುದು. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ವಿಮಾನ ಒಂದು ಸೆಕೆಂಡಿಗೆ 250 ಮೀಟರ್ ಸರಿದಿರುತ್ತದೆ. ಹತ್ತು ಸೆಕೆಂಡಿನ ಹಿಂದಿನ ಚುಕ್ಕೆಯನ್ನು ನಂಬಿ ಕುಳಿತವನು ಎರಡೂವರೆ ಕಿಲೋಮೀಟರ್ ಹಳೆಯದಾದ ಸುದ್ದಿಯನ್ನು ನಂಬಿದಂತಾಯಿತು. ಆದುದರಿಂದ ಬಲ್ಲವನು ಎಲ್ಲವನ್ನೂ ಕಾಣುವ ಆಸೆಯನ್ನು ಬಿಟ್ಟು, ಯಾವ ದಿಕ್ಕಿನಲ್ಲಿ, ಯಾವ ಎತ್ತರದಲ್ಲಿ ಹುಡುಕಬೇಕೆಂಬುದನ್ನು ಮೊದಲೇ ತರ್ಕಿಸಿ, ಉಳಿದ ಆಕಾಶವನ್ನು ಮನಃಪೂರ್ವಕವಾಗಿ ತ್ಯಜಿಸುವನು. ಈ ತ್ಯಾಗವನ್ನು ಮಾಡಲಾರದವನಿಗೆ ಎಷ್ಟು ಬೆಲೆಯ ಜಾಯ್‌ಸ್ಟಿಕ್ ಇದ್ದರೂ ಪ್ರಯೋಜನವಿಲ್ಲ.

ಎತ್ತರದ ಲೆಕ್ಕವಂತೂ ಇನ್ನೂ ಸೂಕ್ಷ್ಮವಾದುದು. ಅರುವತ್ತು ನಾಟಿಕಲ್ ಮೈಲಿ ದೂರದಲ್ಲಿ ಒಂದು ಡಿಗ್ರಿಯ ಅಂತರವೆಂದರೆ ಹೆಚ್ಚುಕಡಿಮೆ ಒಂದು ಮೈಲಿ, ಎಂದರೆ ಸುಮಾರು 6,000 ಅಡಿ. ನಲವತ್ತು ಮೈಲಿಯಲ್ಲಿ 4,000 ಅಡಿ. ಆಂಟೆನಾ ಒಂದೆರಡು ಡಿಗ್ರಿ ಮೇಲೆ ನೋಡುತ್ತಿದ್ದರೆ ಸಾಕು, ಸಮುದ್ರಕ್ಕೆ ತಾಗಿಕೊಂಡಂತೆ ಹಾರಿ ಬರುವವನು ಕಾಣದೆಯೇ ಹೋಗುವನು. ಥ್ರಾಟಲಿನ ಮೇಲಿರುವ ಪುಟ್ಟ ಚಕ್ರವನ್ನು ಬೆರಳಿನಿಂದ ತಿರುವಿದಾಗ ಸ್ಕ್ರೀನಿನ ಕರ್ಸರಿನ ಮೇಲೆ ಒಂದು, ಕೆಳಗೆ ಒಂದು ಹೀಗೆ ಎರಡು ಅಂಕೆಗಳು ಬದಲಾಗುತ್ತವೆ. ಕರ್ಸರ್ ಇರುವ ದೂರದಲ್ಲಿ ರೇಡಾರ್ ಎಷ್ಟು ಸಾವಿರ ಅಡಿಯಿಂದ ಎಷ್ಟು ಸಾವಿರ ಅಡಿಯವರೆಗೆ ನೋಡುತ್ತಿದೆಯೆಂಬುದನ್ನು ಅವು ಹೇಳುವುವು. ಆ ಎರಡು ಅಂಕೆಗಳನ್ನು ಓದದೆ ಸ್ಕ್ರೀನ್ ಖಾಲಿಯಿದೆಯೆಂದು ನಿರ್ಣಯಿಸುವುದು ಸಲ್ಲದು.

ನಮ್ಮ ಬಳಗದಲ್ಲಿ ಎಣ್ಣೆ ಕಂಪನಿಯೊಂದರಲ್ಲಿ ಕೆಲಸಮಾಡುವ ಪುತ್ತೂರು ಕಡೆಯ ತರುಣನೊಬ್ಬನಿದ್ದಾನೆ. ಕೈ ಚುರುಕು, ಬುದ್ಧಿಯೂ ಚುರುಕು. ಮೊನ್ನೆ ಮೂವತ್ತೈದು ಮೈಲಿಯಾಚೆ ಒಂದು ಚುಕ್ಕೆ ಮೂಡಿದ ಕ್ಷಣವೇ ಅದರ ಮೇಲೆ ಕರ್ಸರನ್ನಿಟ್ಟು, “ಅಣ್ಣಾ, ಲಾಕ್ ಆಯ್ತು. ಬಿಡ್ಲಾ?” ಎಂದನು.

“ತಡಿ ಮಾರಾಯ. ಅದು ಯಾರು ಅಂತ ಗೊತ್ತುಂಟಾ?”

“ನಮ್ಮ ಕಡೆಗೇ ಬರ್ತಾ ಉಂಟಲ್ಲ.”

ನಮ್ಮ ಕಡೆಗೆ ಬರುತ್ತಿದ್ದುದು ನಿಜ. ಆದರೆ ರಣರಂಗದಿಂದ ಹಿಂದಿರುಗುವ ಸ್ವಪಕ್ಷದ ವಿಮಾನವೂ ನಮ್ಮ ಕಡೆಗೇ ಬರುವುದಷ್ಟೆ. ನೀನು ಯಾವ ಪಕ್ಷದವನೆಂದು ಎದುರಿನ ವಿಮಾನವನ್ನು ರೇಡಿಯೋ ಸಂಕೇತದಿಂದ ಪ್ರಶ್ನಿಸುವ ಯಂತ್ರದಿಂದ ಕೇಳಿಸಿದೆವು. ಸ್ನೇಹದ ಉತ್ತರ ಬಂದಿತು.

ಇನ್ನು ಲಾಕ್ ಎಂಬ ಪದಾರ್ಥದ ಬಗೆಗೆ ಒಂದು ಮಾತು. ಹುಡುಕುವುದನ್ನೆಲ್ಲ ನಿಲ್ಲಿಸಿ ಒಂದೇ ವಿಮಾನದ ಮೇಲೆ ಆಂಟೆನಾವನ್ನು ನೆಟ್ಟುಬಿಡುವ ಕ್ರಮದಲ್ಲಿ ಆ ಒಂದು ವಿಮಾನದ ವಿವರಗಳೆಲ್ಲ ಖಚಿತವಾಗಿ ದೊರೆಯುವುವಾದರೂ, ಉಳಿದ ಆಕಾಶಕ್ಕೆ ನಾವು ಕುರುಡರಾಗುವೆವು. ಮೇಲಾಗಿ, ತನ್ನ ಮೇಲೆ ಎಡೆಬಿಡದೆ ಬೀಳುತ್ತಿರುವ ಕಿರಣವನ್ನು ಎದುರಾಳಿಯ ಎಚ್ಚರಿಕೆಯ ಯಂತ್ರ ಗ್ರಹಿಸಿ ಅವನ ಕಿವಿಯಲ್ಲಿ ಕೂಗತೊಡಗುವುದು. ಹುಡುಕುತ್ತಲೇ ಹಲವರ ಜಾಡನ್ನು ನೆನಪಿಡುವ ಕ್ರಮ ಅಷ್ಟು ನಿಖರವಲ್ಲದಿದ್ದರೂ ಅಷ್ಟು ಗದ್ದಲದ್ದಲ್ಲ. ಇವೆರಡರಲ್ಲಿ ಎರಡನೆಯದನ್ನೇ ನಾನು ಯಾವಾಗಲೂ ಮೆಚ್ಚತಕ್ಕವನು. ರೇಡಾರಿಗೂ ಒಂದು ಕುರುಡುಂಟು: ತನ್ನ ಕಿರಣಕ್ಕೆ ಅಡ್ಡಲಾಗಿ, ಲಂಬಕೋನದಲ್ಲಿ ಹಾರುವ ವಿಮಾನ ಹತ್ತಿರವೂ ಬರದೆ ದೂರವೂ ಹೋಗದೆ ಇರುವುದರಿಂದ, ಡಾಪ್ಲರ್ ಲೆಕ್ಕದಲ್ಲಿ ಅದಕ್ಕೂ ಕೆಳಗಿನ ನೆಲಕ್ಕೂ ಭೇದವಿಲ್ಲದಾಗಿ, ನೆಲದ ಪ್ರತಿಧ್ವನಿಯನ್ನು ಸೋಸಿ ಬಿಸುಡುವ ಯಂತ್ರ ಅದನ್ನೂ ಬಿಸುಟುಬಿಡುವುದು. ಹಾರಾಡುವವರು ಇದನ್ನು ನಾಚ್ ಎಂದು ಕರೆಯುತ್ತಾರೆ. ಚುಕ್ಕೆ ಮಾಯವಾಯಿತೆಂದರೆ ವಿಮಾನ ಮಾಯವಾಯಿತೆಂದಲ್ಲ.

ನೆಲದ ಮೇಲಿನದನ್ನು ಕಾಣುವ ಸಾಧನ ಟಾರ್ಗೆಟಿಂಗ್ ಪಾಡ್. ಹಾರ್ನೆಟ್ಟಿನಲ್ಲಿ ಲೈಟ್ನಿಂಗ್ ಎಂಬ ಹೆಸರಿನದನ್ನು ವಿಮಾನದ ಒಡಲಿಗೆ ತೂಗುಹಾಕುವರು. ಅದರೊಳಗೆ ಶಾಖವನ್ನು ಕಾಣುವ ಕ್ಯಾಮರಾ ಇದೆ, ಲೇಸರ್ ಇದೆ. ಮರುಭೂಮಿಯಲ್ಲಿ ಈ ಸಾಧನದ ಮಹಿಮೆ ಪ್ರಕಟವಾದುದು ನಾನೀಗ ಕುಳಿತಿರುವ ಈ ದೇಶದ ಮರಳಿನ ಮೇಲೆಯೇ. 1991ರ ಫೆಬ್ರವರಿಯಲ್ಲಿ ಇರಾಕಿನ ಟ್ಯಾಂಕುಗಳು ಮರಳಿನಲ್ಲಿ ಕತ್ತಿನವರೆಗೆ ಹೂತು ಕುಳಿತಿದ್ದಾಗ, ಸೂರ್ಯಾಸ್ತದ ತರುವಾಯ ಮರಳು ಬೇಗನೆ ಆರಿಹೋದರೂ ಉಕ್ಕು ತನ್ನ ಬಿಸಿಯನ್ನು ಬಿಟ್ಟುಕೊಡದೆ ಉಳಿಯುವುದೆಂಬುದನ್ನು ಅಮೆರಿಕದ ಎಫ್-111 ವಿಮಾನಗಳವರು ಕಂಡುಕೊಂಡು, ತಮ್ಮ ಪೇವ್ ಟ್ಯಾಕ್ ಪಾಡಿನಲ್ಲಿ ಆ ಬಿಸಿಯ ಚುಕ್ಕೆಗಳನ್ನು ಒಂದೊಂದಾಗಿ ಆರಿಸಿ, ಒಂದೊಂದಕ್ಕೆ 500 ಪೌಂಡಿನ ಲೇಸರ್ ಬಾಂಬೊಂದರಂತೆ ಹಾಕಿದರು. ಆದರೆ ಉದಯಾಸ್ತಗಳ ಆಸುಪಾಸಿನಲ್ಲಿ ಉಕ್ಕೂ ಮರಳೂ ಒಂದೇ ಶಾಖಕ್ಕೆ ಬರುವ ಒಂದು ಗಳಿಗೆಯುಂಟು. ಆಗ ಪಾಡಿನ ಚಿತ್ರವೆಲ್ಲ ಬೂದಿಬಣ್ಣಕ್ಕೆ ತಿರುಗುವುದು. ವಾಯವ್ಯದಿಂದ ಬೀಸುವ ಶಮಾಲ್ ಗಾಳಿಯ ಧೂಳು, ಆಗಸ್ಟಿನಲ್ಲಿ ಕಡಲಿನ ಕಡೆಯಿಂದ ಬರುವ ಕೌಸ್ ಗಾಳಿಯ ತೇವ, ಇವೆರಡೂ ಆ ನೋಟವನ್ನು ಮಬ್ಬಾಗಿಸುತ್ತವೆ. ಇರಾಕಿ ಸೈನ್ಯ ಹಿಂದೆಗೆಯುತ್ತಾ ಬೆಂಕಿಯಿಟ್ಟ ಆರುನೂರಕ್ಕೂ ಮೇಲ್ಪಟ್ಟ ಎಣ್ಣೆ ಬಾವಿಗಳ ಹೊಗೆಯ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಅವುಗಳಲ್ಲಿ ಕೊನೆಯದು ಆರಿದುದು ಅದೇ ವರ್ಷದ ನವೆಂಬರಿನಲ್ಲಿ.

ಪಾಡಿನಲ್ಲಿ ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಅಗಲವಾದ ನೋಟದಲ್ಲಿ ರಸ್ತೆಯನ್ನೋ ತೀರರೇಖೆಯನ್ನೋ ಹಿಡಿದು ತಾನೆಲ್ಲಿ ನೋಡುತ್ತಿರುವೆನೆಂಬುದನ್ನು ದೃಢಪಡಿಸಿಕೊಂಡು, ಆಮೇಲೆಯೇ ಕಿರಿದಾದ ನೋಟಕ್ಕೆ ಇಳಿಯತಕ್ಕದ್ದು. ಬಿಸಿಯನ್ನು ಬಿಳುಪಾಗಿ ತೋರಿಸುವ ಕ್ರಮದಲ್ಲಿ ಒಮ್ಮೆ, ಕಪ್ಪಾಗಿ ತೋರಿಸುವ ಕ್ರಮದಲ್ಲಿ ಇನ್ನೊಮ್ಮೆ ನೋಡಿದರೆ ಒಂದರಲ್ಲಿ ಅಡಗಿದುದು ಇನ್ನೊಂದರಲ್ಲಿ ಮೈದೋರುವುದುಂಟು. ಬಾಂಬಿಗೆ ಕೊಟ್ಟ ನಾಲ್ಕಂಕಿಯ ಲೇಸರ್ ಸಂಕೇತವೂ ಪಾಡಿಗೆ ಕೊಟ್ಟ ಸಂಕೇತವೂ ಒಂದೇ ಆಗಿರಬೇಕು. ಸಿಮ್ಯುಲೇಟರಿನಲ್ಲಿ ಅದು ತಾನಾಗಿ 1688 ಎಂದಿರುತ್ತದೆ. ಲೇಸರ್ ಸ್ವಿಚ್ಚನ್ನು ಮೇಲಕ್ಕೆತ್ತಿರಬೇಕು. ಬಾಂಬು ಬಿಟ್ಟೊಡನೆ ರಭಸದಿಂದ ತಿರುಗಿದರೆ ವಿಮಾನದ ಒಡಲೇ ಪಾಡಿನ ಕಣ್ಣಿಗೆ ಅಡ್ಡವಾಗಿ ಲೇಸರ್ ತಪ್ಪುವುದರಿಂದ, ಮೆಲ್ಲಗೆ ಓರೆಯಾಗಿ ಸರಿಯುತ್ತಾ ಗುರಿಯನ್ನು ಕಡೆಯವರೆಗೆ ನೋಡುತ್ತಿರಬೇಕು. ಬಿಟ್ಟ ಮೇಲೆಯೂ ನೋಡಬೇಕೆಂಬ ಈ ನಿಯಮದಲ್ಲಿ ಒಂದು ಧರ್ಮವಿದೆಯೆಂದು ನನಗೆ ತೋರುತ್ತದೆ.

ಇದಕ್ಕೆ ನಮ್ಮ ನೆರೆಯಲ್ಲಿಯೇ ನಡೆದ ನಿದರ್ಶನವೊಂದುಂಟು. 1991ರ ಜನವರಿಯ ಕಡೆಯ ವಾರದಲ್ಲಿ, ಫಿಂಟಾಸಿನಿಂದ ದಕ್ಷಿಣಕ್ಕೆ ಅನತಿದೂರದಲ್ಲಿರುವ ಮಿನಾ ಅಲ್ ಅಹ್ಮದಿಯ ಕಡಲ ಟರ್ಮಿನಲ್ಲಿನಿಂದ ಇರಾಕಿ ಸೈನ್ಯ ಕಚ್ಚಾ ಎಣ್ಣೆಯನ್ನು ಕೊಲ್ಲಿಗೆ ಹರಿಯಬಿಟ್ಟಾಗ, ಆ ಹರಿವನ್ನು ನಿಲ್ಲಿಸುವುದಕ್ಕಾಗಿ ದಡದ ಮೇಲಿನ ಕೊಳವೆಗಳ ಕೂಡುಕಟ್ಟೆಗಳನ್ನು ಎಫ್-111 ವಿಮಾನಗಳು ಹೊಡೆದುವು. ಬಳಸಿದುದು ಜಿಬಿಯು-15 ಎಂಬ ಬಾಂಬು. ಅದರ ಮೂಗಿನಲ್ಲಿದ್ದ ಕ್ಯಾಮರಾದ ಚಿತ್ರ ರೇಡಿಯೋ ಕೊಂಡಿಯ ಮೂಲಕ ದೂರದ ಕಡಲಿನ ಮೇಲೆ ಹಾರುತ್ತಿದ್ದ ಮತ್ತೊಂದು ವಿಮಾನಕ್ಕೆ ಬರುತ್ತಿದ್ದು, ಬಿಟ್ಟವನು ಒಬ್ಬ, ಕಡೆಯವರೆಗೆ ನೋಡಿ ನಡೆಸಿದವನು ಇನ್ನೊಬ್ಬ. ಊರುಗಳ ಪಕ್ಕದಲ್ಲಿಯೇ ಇದ್ದ ಆ ಕಟ್ಟೆಗಳನ್ನಷ್ಟೇ ಹೊಡೆದು ಎಣ್ಣೆಯ ಹರಿವನ್ನು ತಗ್ಗಿಸಲು ಸಾಧ್ಯವಾದುದು ಆ ನೋಟದ ಬಲದಿಂದ. ಹಾರ್ನೆಟ್ ಸಿಮ್ಯುಲೇಟರಿನಲ್ಲಿ ವಾಲೈ ಎಂಬ ಬಾಂಬನ್ನು ಕೊಂಡಿಯ ಪಾಡಿನೊಡನೆ ಬಳಸಿ ಇದೇ ಕ್ರಮವನ್ನು ಅಭ್ಯಾಸಮಾಡಬಹುದು. ಆಸಕ್ತರು ಇದನ್ನು ಬಿಡಬಾರದು.

ಒಮ್ಮೆ ನಮ್ಮ ಗುರುವಾರದ ಕೂಟಕ್ಕೆ ಇಲ್ಲಿನ ಹಿರಿಯರೊಬ್ಬರು ಬಂದಿದ್ದರು. 1990ರ ಆಗಸ್ಟಿನ ಆಕ್ರಮಣದ ತರುವಾಯ, ಏರ್ ಇಂಡಿಯಾ ಮನೆಗೆ ಮುಟ್ಟಿಸಿದ ಒಂದು ಲಕ್ಷಕ್ಕೂ ಮೇಲ್ಪಟ್ಟ ಭಾರತೀಯರಲ್ಲಿ ಒಬ್ಬರಾಗಿ, ಮರುಭೂಮಿಯನ್ನು ದಾಟಿ ಅಮ್ಮಾನಿನಿಂದ ವಿಮಾನವೇರಿದವರು. ಸ್ಕ್ರೀನಿನಲ್ಲಿ ಆಗ ಹೊರ್ಮುಜ್ ಜಲಸಂಧಿಯ ದಡದ ರಸ್ತೆಯೊಂದರ ಮೇಲೆ ನಾಲ್ಕು ಬಿಳಿಯ ಚುಕ್ಕೆಗಳು ಸಾಲಾಗಿ ಚಲಿಸುತ್ತಿದ್ದುವು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ ಕೇಳಿದರು: “ಅದು ಮಿಲಿಟ್ರಿಯವರ ಗಾಡಿಯೋ, ನೀರಿನ ಟ್ಯಾಂಕರೋ ಅಂತ ನಿಮಗೆ ಹೇಗೆ ಗೊತ್ತಾಗ್ತದೆ ಮಾರಾಯ್ರೆ?” ಕೋಣೆಯಲ್ಲಿದ್ದ ಯಾರೂ ಕೂಡಲೆ ಉತ್ತರ ಹೇಳಲಿಲ್ಲ. ಆ ಎತ್ತರದಿಂದ, ಆ ದೂರದಿಂದ, ಅಗಲವಾದ ನೋಟದಲ್ಲಿ ಗೊತ್ತಾಗುವುದಿಲ್ಲವೆಂಬುದೇ ಉತ್ತರ. ಹತ್ತು ಮೈಲಿ ಹತ್ತಿರಕ್ಕೆ ಹೋಗಿ ಕಿರಿದಾದ ನೋಟದಲ್ಲಿ ನೋಡಿದಾಗ ಮುಂದಿನ ಮೂರಕ್ಕೆ ತೋಪಿನ ನಳಿಗೆಗಳು ಕಂಡುವು. ನಾಲ್ಕನೆಯದು ಬರಿಯ ಲಾರಿಯಾಗಿತ್ತು.

ನಿಜವಾದ ಆಕಾಶದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಹೋದುದರ ಬೆಲೆ ಕುವೈತಿನಲ್ಲಿಯೇ ಒಂದಕ್ಕಿಂತ ಹೆಚ್ಚು ಬಾರಿ ತೆತ್ತುದಾಗಿದೆ. 2001ರ ಮಾರ್ಚ್ 12ರಂದು ಉದೈರಿ ಅಭ್ಯಾಸಭೂಮಿಯಲ್ಲಿ ಕತ್ತಲಾದ ಮೇಲೆ ನಡೆದ ತಾಲೀಮಿನಲ್ಲಿ, ಅಮೆರಿಕದ ನೌಕಾಸೇನೆಯ ಹಾರ್ನೆಟ್ ಒಂದು ಗುರಿಯೆಂದು ಬಗೆದು ವೀಕ್ಷಣಾ ಠಾಣೆಯ ಮೇಲೆಯೇ ಬಾಂಬು ಹಾಕಿದ್ದರಿಂದ ಐವರು ಅಮೆರಿಕನ್ನರೂ ನ್ಯೂಜಿಲೆಂಡಿನ ಒಬ್ಬ ಅಧಿಕಾರಿಯೂ ಸತ್ತರು. 2003ರ ಮಾರ್ಚಿನಲ್ಲಿ, ಕಾರ್ಯ ಮುಗಿಸಿ ಅಲಿ ಅಲ್ ಸಲೇಮ್ ನೆಲೆಗೆ ಹಿಂದಿರುಗುತ್ತಿದ್ದ ಬ್ರಿಟನ್ನಿನ ಟಾರ್ನೇಡೋ ವಿಮಾನದ ಗುರುತಿನ ಉತ್ತರ ಬಾರದೆ ಹೋಗಿ, ಅದನ್ನು ಶತ್ರುಕ್ಷಿಪಣಿಯೆಂದೆಣಿಸಿದ ಪೇಟ್ರಿಯಟ್ ದಳ ಹೊಡೆದುರುಳಿಸಿತು. ಇಬ್ಬರೂ ವೈಮಾನಿಕರು ಮಡಿದರು. ಉತ್ತರ ಬಾರದಿರುವುದು ಶತ್ರುತ್ವದ ಪ್ರಮಾಣವಲ್ಲ. ಸಿಮ್ಯುಲೇಟರಿನಲ್ಲಿ ಇದನ್ನು ಕಲಿಯದವನು ಬೇರೇನನ್ನು ಕಲಿತರೂ ಅದು ಅಪೂರ್ಣವೆಂಬುದೇ ನನ್ನ ನಿಶ್ಚಿತವಾದ ಅಭಿಪ್ರಾಯ.

ಈ ಯಂತ್ರಗಳೆಲ್ಲ ನಮಗೆ ಸಂಬಂಧವಿಲ್ಲದವೆಂದು ಕನ್ನಡಿಗರು ತಿಳಿಯಬೇಕಾದುದಿಲ್ಲ. ಟೈಗರ್ ಹಿಲ್ಲಿನ ಮೇಲೆ 1999ರ ಜೂನಿನಲ್ಲಿ ನಮ್ಮ ಮಿರಾಜ್ ವಿಮಾನಗಳು ಬಳಸಿದುದು ಇದೇ ಲೈಟ್ನಿಂಗ್ ಪಾಡನ್ನು. ತೇಜಸ್ ಯುದ್ಧವಿಮಾನಕ್ಕಾಗಿ ‘ಉತ್ತಮ್’ ಎಂಬ ರೇಡಾರನ್ನು ರೂಪಿಸಿದುದು ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ. ಆಂಟೆನಾವನ್ನು ತೂಗದೆಯೇ ಕಿರಣವನ್ನು ವಿದ್ಯುತ್ತಿನಿಂದ ತಿರುಗಿಸುವ ಆ ಬಗೆಯ ರೇಡಾರಿನಲ್ಲಿ ನಾನು ಮೇಲೆ ವಿವರಿಸಿದ ತಡವೆಲ್ಲ ಬಹುಮಟ್ಟಿಗೆ ಇಲ್ಲವಾಗುವುದು. ಅದರ ವಿಚಾರವೇ ಪ್ರತ್ಯೇಕವಾದ ಲೇಖನವನ್ನು ಬೇಡುವಂಥದು.

ಹೊಸದಾಗಿ ತೊಡಗುವ ತರುಣರಲ್ಲಿ ನನ್ನ ಬಿನ್ನಹವಿಷ್ಟೆ. ಮೊದಲ ಕೆಲವು ವಾರಗಳ ಕಾಲ ರೆಕ್ಕೆಗೆ ಬಾಂಬನ್ನಾಗಲಿ ಕ್ಷಿಪಣಿಯನ್ನಾಗಲಿ ಕಟ್ಟಬೇಡಿ. ಪಾಡೊಂದನ್ನೇ ಹೊತ್ತು ಹೊರಡಿ. ಮಿಷನ್ನನ್ನು ರಚಿಸುವಾಗ ಶತ್ರುಗಳ ನಡುವೆ ಪ್ರಯಾಣಿಕರ ವಿಮಾನಗಳನ್ನೂ ಸರಕಿನ ಲಾರಿಗಳನ್ನೂ ಸ್ವಪಕ್ಷದವರನ್ನೂ ಬೆರೆಸಿಡಿ. ಕಂಡುದೆಲ್ಲವನ್ನೂ ಒಂದು ಕಾಗದದ ಮೇಲೆ ಬರೆದುಕೊಂಡು, ಇಳಿದ ಮೇಲೆ ಮಿಷನ್ನಿನ ದಾಖಲೆಯೊಡನೆ ಹೋಲಿಸಿ ನೋಡಿ. ನಿಮ್ಮ ಪಟ್ಟಿಯೂ ದಾಖಲೆಯೂ ಒಂದಾಗತೊಡಗಿದ ಮೇಲೆ ಆಯುಧಗಳನ್ನು ಕಟ್ಟಿಕೊಳ್ಳಿ. ಸಂದೇಹವುಳಿದ ರಾತ್ರಿಗಳಲ್ಲಿ ಅವುಗಳನ್ನು ಹೊತ್ತೇ ಹಿಂದಿರುಗಿ ಇಳಿಯಿರಿ.