‘ಫ್ಯಾನ್ ಥಿಯರಿ’ ಸಿದ್ಧಾಂತವಾಗಬಲ್ಲುದೇ?

ವಿಜ್ಞಾನದಲ್ಲಿ ‘ಸಿದ್ಧಾಂತ’ ಎಂಬುದು ಗೌರವದ ಪದ. ಹಲವು ಪರೀಕ್ಷೆಗಳನ್ನು ಎದುರಿಸಿ ಉಳಿದ ವಿವರಣೆಗೆ ಮಾತ್ರ ಅದು ಸಲ್ಲುತ್ತದೆ. ದಿನಬಳಕೆಯ ಮಾತಿನಲ್ಲಾದರೋ ಯಾರಿಗೆ ಏನು ಹೊಳೆದರೂ ಅದು ‘ಥಿಯರಿ’. ಜೀವವಿಕಾಸದ ಪಾಠ ಮಾಡುವಾಗ ‘ಅದು ಬರಿಯ ಥಿಯರಿ ತಾನೆ ಸಾರ್?’ ಎಂಬ ಪ್ರಶ್ನೆಯನ್ನು ಎದುರಿಸದ ಅಧ್ಯಾಪಕರು ವಿರಳ. ಈ ಗೊಂದಲವನ್ನು ಬಿಡಿಸಲು ವಿದ್ಯಾರ್ಥಿಗಳಿಗೆ ಪ್ರಿಯವಾದ ಕ್ಷೇತ್ರವೊಂದನ್ನೇ ಪರಿಶೀಲಿಸಬಹುದು. ವಿಡಿಯೋ ಆಟಗಳ ಅಭಿಮಾನಿಗಳು ಪಾತ್ರಗಳ ಪೂರ್ವಕಥೆಯನ್ನು ಕುರಿತು ಹೆಣೆಯುವ ‘ಫ್ಯಾನ್ ಥಿಯರಿ’ಗಳೇ ಆ ಕ್ಷೇತ್ರ. ಅವುಗಳಲ್ಲಿ ತರ್ಕವಿದೆ, ಲೆಕ್ಕವಿದೆ, ಪುರಾವೆಯ ಹುಡುಕಾಟವಿದೆ. ಇಷ್ಟಿದ್ದೂ ಅವು ಸಿದ್ಧಾಂತಗಳಾಗುತ್ತವೆಯೇ?

‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಎಂಬ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಸ್ಕಾಟ್ ಕಾಥನ್ ಇದನ್ನು 2014ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದರು. ಆಡುವವರು ಇಲ್ಲಿ ಮಕ್ಕಳನ್ನು ರಂಜಿಸುವ ಒಂದು ಪಿಜ್ಜಾ ಹೋಟೆಲಿನ ರಾತ್ರಿ ಕಾವಲುಗಾರ. ಹಗಲಿನಲ್ಲಿ ಹಾಡಿ ನಲಿಸುವ ಕರಡಿ, ಮೊಲ, ಕೋಳಿ ಮುಂತಾದ ಯಂತ್ರಗೊಂಬೆಗಳು ರಾತ್ರಿ ತಾವಾಗಿ ಓಡಾಡುತ್ತವೆ. ಕ್ಯಾಮೆರಾಗಳ ಮೂಲಕ ಅವುಗಳ ಮೇಲೆ ಕಣ್ಣಿಟ್ಟು, ಇರುವಷ್ಟು ವಿದ್ಯುತ್ತನ್ನು ಮಿತವಾಗಿ ಬಳಸಿ, ನಡುರಾತ್ರಿ 12ರಿಂದ ಬೆಳಗಿನ 6ರವರೆಗೆ ಜೀವ ಉಳಿಸಿಕೊಳ್ಳಬೇಕು. ಹೀಗೆ ಐದು ರಾತ್ರಿ ಕಳೆಯಬೇಕು.

ಆಟವು ತನ್ನ ಕಥೆಯನ್ನು ನೇರವಾಗಿ ಹೇಳುವುದಿಲ್ಲ. ಗೋಡೆಯ ಮೇಲೆ ಐವರು ಮಕ್ಕಳು ಕಾಣೆಯಾದ ಸುದ್ದಿಯ ಪತ್ರಿಕಾ ತುಣುಕು, ದೂರವಾಣಿಯಲ್ಲಿ ಮುದ್ರಿತ ಧ್ವನಿ, ಮುಂದಿನ ಭಾಗಗಳಲ್ಲಿ ನಡುನಡುವೆ ಬರುವ ಪುಟ್ಟ ಆಟಗಳು, ಇವೇ ಸುಳಿವುಗಳು. 2015ರ ಜುಲೈ ವೇಳೆಗೆ ಒಟ್ಟು ನಾಲ್ಕು ಭಾಗಗಳು ಬಂದವು. ಯಾವ ಘಟನೆ ಯಾವ ವರ್ಷದ್ದು, ಅಪರಾಧಿ ಯಾರು, ಯಾರು ಯಾರ ಮಗ ಎಂಬುದನ್ನು ಅಭಿಮಾನಿಗಳು ಈ ಚೂರುಗಳಿಂದಲೇ ಜೋಡಿಸತೊಡಗಿದರು. ಹೀಗೆ ಹುಟ್ಟಿದ ಕಾಲಪಟ್ಟಿಗಳಲ್ಲಿ ಮೂರು ವಾದಗಳನ್ನು ಪರೀಕ್ಷಿಸೋಣ.

ಚೆಕ್ಕಿನಿಂದ ಕಾಲನಿರ್ಣಯ

ಮೊದಲನೆಯ ವಾದ ಅತ್ಯಂತ ಸೊಗಸಾದದ್ದು. ಐದು ರಾತ್ರಿ ಮುಗಿಸಿದ ಕಾವಲುಗಾರನಿಗೆ ಸಂಬಳದ ಚೆಕ್ಕು ಸಿಗುತ್ತದೆ. ಎರಡನೆಯ ಭಾಗದ ಚೆಕ್ಕಿನ ಮೊತ್ತ 100.50 ಡಾಲರ್. ರಾತ್ರಿಗೆ 6 ಗಂಟೆಯಂತೆ 5 ರಾತ್ರಿಗೆ 30 ಗಂಟೆ. ಭಾಗಿಸಿದರೆ ಗಂಟೆಗೆ 3.35 ಡಾಲರ್. ಅಮೆರಿಕದ ಒಕ್ಕೂಟ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ 1981ರ ಜನವರಿಯಿಂದ 1990ರ ಮಾರ್ಚ್‌ವರೆಗೆ ಸರಿಯಾಗಿ 3.35 ಡಾಲರ್ ಆಗಿತ್ತು! ಆ ಚೆಕ್ಕಿನ ಮೇಲೆ ದಿನಾಂಕವೂ ಇದೆ: 1987ರ ನವೆಂಬರ್. ಆರನೆಯ ರಾತ್ರಿಯ ಹೆಚ್ಚುವರಿ ಚೆಕ್ಕು 20.10 ಡಾಲರ್. 3.35ನ್ನು 6ರಿಂದ ಗುಣಿಸಿ ನೋಡಿ, ಅದೇ ಸಂಖ್ಯೆ ಬರುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ವಿಧಾನ ಪರಿಚಿತವೇ. ಇಂಗಾಲ-14ರಿಂದ ಕಾಲನಿರ್ಣಯ ಮಾಡುವವರು, ವಯಸ್ಸು ಮೊದಲೇ ತಿಳಿದಿರುವ ಮರದ ಉಂಗುರಗಳ ಮೇಲೆ ತಮ್ಮ ವಿಧಾನವನ್ನು ಪರೀಕ್ಷಿಸಿ ತಿದ್ದಿಕೊಳ್ಳುತ್ತಾರೆ. ಇಲ್ಲಿ ದಿನಾಂಕವಿರುವ ಚೆಕ್ಕೇ ಮರದ ಉಂಗುರ. ವಿಧಾನ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಆದರೆ ಅದು ಕೊಡುವುದು ಒಂದು ವರ್ಷವನ್ನಲ್ಲ, ಒಂಬತ್ತು ವರ್ಷಗಳ ಅವಧಿಯನ್ನು ಎಂಬುದನ್ನು ಮರೆಯಬಾರದು.

ಈಗ ದಿನಾಂಕವಿಲ್ಲದ ಮೊದಲ ಭಾಗದ ಚೆಕ್ಕಿಗೆ ಬರೋಣ. ಮೊತ್ತ 120 ಡಾಲರ್, ಅಂದರೆ ಗಂಟೆಗೆ 4 ಡಾಲರ್. ಒಕ್ಕೂಟದ ಕನಿಷ್ಠ ಕೂಲಿ 1990ರ ಏಪ್ರಿಲ್‌ನಲ್ಲಿ 3.80ಕ್ಕೂ 1991ರ ಏಪ್ರಿಲ್‌ನಲ್ಲಿ 4.25ಕ್ಕೂ ಏರಿತು. 4 ಡಾಲರ್ ಎಂಬ ದರ ಎಂದೂ ಇರಲಿಲ್ಲ. ಮಾಲೀಕ ಕಾನೂನು ಪಾಲಿಸಿದ್ದರೆ ಕಥೆ 1991ರ ಏಪ್ರಿಲ್‌ಗಿಂತ ಮೊದಲಿನದು ಎಂದಷ್ಟೇ ಹೇಳಬಹುದು. ಕನಿಷ್ಠ ದರಕ್ಕಿಂತ ಹೆಚ್ಚು ಕೊಡಲು ಅಡ್ಡಿಯಿಲ್ಲದ ಕಾರಣ ಕೆಳಗಿನ ಮಿತಿ ಸಿಗುವುದಿಲ್ಲ. ಆದರೂ ಅನೇಕ ಕಾಲಪಟ್ಟಿಗಳಲ್ಲಿ ಈ ಭಾಗದ ಮುಂದೆ 1993 ಎಂದು ಬರೆದಿರುತ್ತದೆ.

1993ನ್ನು ಉಳಿಸಿಕೊಳ್ಳಲು ಸಂಬಳದಲ್ಲಿ ತೆರಿಗೆ ಕಡಿತವಾಗಿದೆ ಎನ್ನಬಹುದೇ? ಲೆಕ್ಕ ಹಾಕೋಣ. 30 ಗಂಟೆಗೆ 4.25ರಂತೆ 127.50 ಡಾಲರ್. ಆ ವರ್ಷಗಳ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ಕಡಿತ ಒಟ್ಟು ಶೇ. 7.65, ಅಂದರೆ 9.75 ಡಾಲರ್. ಉಳಿಯುವುದು 117.75, 120 ಅಲ್ಲ. ಅದಕ್ಕಿಂತ ಮುಖ್ಯವಾದ ಆಕ್ಷೇಪ ಇನ್ನೊಂದಿದೆ. ಎರಡನೆಯ ಭಾಗದ ಚೆಕ್ಕು ಯಾವ ಕಡಿತವೂ ಇಲ್ಲದೆ ಕನಿಷ್ಠ ಕೂಲಿಗೆ ಹೊಂದಿತು ಎಂದೇ ನಾವು ವಿಧಾನವನ್ನು ಒಪ್ಪಿದೆವು. ಒಂದು ಚೆಕ್ಕಿಗೆ ಒಂದು ನಿಯಮ, ಮತ್ತೊಂದಕ್ಕೆ ಮತ್ತೊಂದು ಎಂದರೆ ಅದು ಅಳತೆಯಲ್ಲ, ಬೇಕಾದ ಉತ್ತರಕ್ಕೆ ತಕ್ಕಂತೆ ಅಳತೆಗೋಲನ್ನು ಬಗ್ಗಿಸುವ ಕೆಲಸ.

ಇನ್ನೊಂದು ಸೂಕ್ಷ್ಮವೂ ಇದೆ. ಮೊದಲ ಭಾಗದಲ್ಲಿ ಆರನೆಯ ರಾತ್ರಿ ದುಡಿದರೆ ಚೆಕ್ಕಿನ ಮೊತ್ತ 120.50 ಆಗುತ್ತದೆ. ಆರು ಗಂಟೆಯ ದುಡಿಮೆಗೆ ಬರಿ 50 ಸೆಂಟ್! ಇದು ಕೂಲಿಯ ಲೆಕ್ಕವಲ್ಲ, ನಗೆಚಾಟಿಕೆ. ಆ ಚೆಕ್ಕು ಬರೆಯುವಾಗ ಕನಿಷ್ಠ ಕೂಲಿಯ ಪಟ್ಟಿ ಕರ್ತೃವಿನ ಮುಂದಿತ್ತು ಎನ್ನಲು ಆಧಾರವಿಲ್ಲ. ಅಳೆಯಲು ಇಟ್ಟಿರದ ಉಪಕರಣದ ಮುಳ್ಳನ್ನು ಓದಿ ದಶಮಾಂಶ ಲೆಕ್ಕ ಹಾಕುವುದು ಪ್ರಯೋಗಶಾಲೆಯಲ್ಲೂ ಕಾಣುವ ದೋಷವೇ.

ಕಚ್ಚಿದ್ದು ಯಾವ ವರ್ಷ?

ಎರಡನೆಯ ವಾದ ಒಂದು ಅಪಘಾತದ ಬಗ್ಗೆ. ಮೊದಲ ಭಾಗದ ದೂರವಾಣಿ ಧ್ವನಿ, ’87ರಲ್ಲಿ ಗೊಂಬೆಯೊಂದು ಕಚ್ಚಿದ ಘಟನೆಯನ್ನು ಪ್ರಸ್ತಾಪಿಸುತ್ತದೆ. ಮಿದುಳಿನ ಮುಂಭಾಗ ಹೋದರೂ ಮನುಷ್ಯ ಬದುಕಬಲ್ಲ ಎಂದು ಆ ಧ್ವನಿ ಅಚ್ಚರಿಪಡುತ್ತದೆ. ನಾಲ್ಕನೆಯ ಭಾಗದಲ್ಲಿ ಬಾಲಕನೊಬ್ಬನ ತಲೆ ಯಂತ್ರಗೊಂಬೆಯ ಬಾಯಿಗೆ ಸಿಲುಕುವ ದೃಶ್ಯವಿದೆ. ಇದೇ ಆ ’87ರ ಘಟನೆ ಎಂದು ಹಲವರು ತೀರ್ಮಾನಿಸಿದರು. ಬೇರೆಯವರು ಅದೇ ಆಟದ ದೂರದರ್ಶನ ಪೆಟ್ಟಿಗೆಯತ್ತ ಬೆರಳು ತೋರಿಸಿದರು. ಅದರಲ್ಲಿ ಮೂಡುವ ಮಕ್ಕಳ ಕಾರ್ಯಕ್ರಮದ ಮೇಲೆ 1983 ಎಂದಿದೆ. ‘ಹಳೆಯ ಕಾರ್ಯಕ್ರಮ ಮರುಪ್ರಸಾರವಾಗಿರಬಹುದಲ್ಲ?’ ಎಂಬುದು ಮೊದಲನೆಯವರ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಇಸವಿ ನಮೂದಾದ ವಸ್ತು, ಘಟನೆ ಆ ಇಸವಿಗಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ ಹೇಳಬಲ್ಲದು.

2016ರ ಅಕ್ಟೋಬರ್‌ನಲ್ಲಿ ‘ಸಿಸ್ಟರ್ ಲೊಕೇಶನ್’ ಎಂಬ ಭಾಗ ಬಂತು. ಅದರ ಗುಪ್ತ ಕೊಠಡಿಯಲ್ಲಿರುವ ಗುಂಡಿಗಳಲ್ಲಿ 1983 ಎಂದು ಒತ್ತಿದರೆ ನಾಲ್ಕನೆಯ ಭಾಗದ ಮನೆಯ ಕ್ಯಾಮೆರಾ ದೃಶ್ಯಗಳು ಕಾಣಿಸುತ್ತವೆ. ಒಂದೇ ಇಸವಿ ಎರಡು ಕಡೆಗಳಿಂದ ಬಂತು. 1983ರ ಪಕ್ಷ ಬಲವಾಯಿತು. ಬಾಲಕನ ಘಟನೆ ಬೇರೆ, ’87ರದು ಬೇರೆ ಎಂಬ ತಿಳಿವಳಿಕೆ ನೆಲೆಗೊಂಡಿತು. ಹೊಸ ಪುರಾವೆ ಬಂದಾಗ ಪ್ರಿಯವಾದ ಊಹೆಯನ್ನು ಬಿಟ್ಟುಕೊಟ್ಟವರನ್ನು ಇಲ್ಲಿ ಮೆಚ್ಚಲೇಬೇಕು.

ಎಲ್ಲವೂ ಕನಸಾದರೆ?

ಮೂರನೆಯ ವಾದ ‘ಕನಸಿನ ಥಿಯರಿ’. 2011ರಲ್ಲಿ ‘ಗೇಮ್ ಥಿಯರಿ’ ಎಂಬ ವಿಡಿಯೋ ಮಾಲೆಯನ್ನು ಆರಂಭಿಸಿದ ಮ್ಯಾಥ್ಯೂ ಪ್ಯಾಟ್ರಿಕ್ ಇದನ್ನು 2015ರಲ್ಲಿ ಪ್ರಚಾರಕ್ಕೆ ತಂದರು. ಹಿಂದಿನ ಭಾಗಗಳ ಭಯಾನಕ ಘಟನೆಗಳೆಲ್ಲ ಗಾಯಗೊಂಡ ಆ ಬಾಲಕನ ದುಃಸ್ವಪ್ನಗಳು ಎಂಬುದು ಇದರ ತಿರುಳು. ಬಾಲಕನ ಸುತ್ತ ಕಾಣುವ ಆಟಿಕೆಗಳೇ ರಾಕ್ಷಸರಾಗಿ ಬಂದವು ಎಂಬ ವಿವರಣೆ ಮನಸ್ಸನ್ನು ಸೆಳೆಯುತ್ತದೆ.

ಆದರೆ ಇದರ ದೋಷ ಅದರ ಶಕ್ತಿಯಲ್ಲೇ ಇದೆ. ಚೆಕ್ಕಿನ ಲೆಕ್ಕ ಹೊಂದುವುದಿಲ್ಲವೇ? ಕನಸು. ಇಸವಿಗಳು ಒಂದಕ್ಕೊಂದು ವಿರುದ್ಧವೇ? ಕನಸು. ಯಾವ ಪುರಾವೆ ಸಿಕ್ಕರೆ ಈ ಊಹೆ ತಪ್ಪಾಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ತಪ್ಪೆಂದು ತೋರಿಸಲು ದಾರಿಯೇ ಇಲ್ಲದ ಹೇಳಿಕೆ ವಿಜ್ಞಾನಕ್ಕೆ ಸೇರದು ಎಂದು ದಾರ್ಶನಿಕ ಕಾರ್ಲ್ ಪಾಪರ್ 1934ರಲ್ಲೇ ವಾದಿಸಿದ್ದರು. ಮುಂದಿನ ಭಾಗಗಳು ಬಂದಂತೆ ಈ ಊಹೆ ಹಿನ್ನೆಲೆಗೆ ಸರಿಯಿತು ನಿಜ. ಅದು ಸರಿದದ್ದು ಕಥೆ ಬೇರೆ ದಿಕ್ಕು ಹಿಡಿದದ್ದರಿಂದ.

ನೆಪ್ಚೂನ್ ಮತ್ತು ವಲ್ಕನ್

ಹಾಗಾದರೆ ಚೆಕ್ಕಿನ ವಾದದಂಥ ಒಳ್ಳೆಯ ಊಹೆಗಳಾದರೂ ಸಿದ್ಧಾಂತಗಳೇ? ಇದಕ್ಕೆ ಉತ್ತರ ಖಗೋಳ ವಿಜ್ಞಾನದ ಚರಿತ್ರೆಯಲ್ಲಿದೆ. ಯುರೇನಸ್ ಗ್ರಹದ ಚಲನೆಯಲ್ಲಿ ಕಂಡ ವ್ಯತ್ಯಾಸಕ್ಕೆ ಇನ್ನೊಂದು ಗ್ರಹ ಕಾರಣವೆಂದು ಫ್ರಾನ್ಸಿನ ಲೆವೆರಿಯೇ ಲೆಕ್ಕ ಹಾಕಿದರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯಲ್ಲೂ ವ್ಯತ್ಯಾಸ ಕಂಡಿತ್ತು. 1859ರಲ್ಲಿ ಲೆವೆರಿಯೇ ಅದೇ ತರ್ಕ ಬಳಸಿ ಸೂರ್ಯನ ಸಮೀಪ ಮತ್ತೊಂದು ಕಾಯವಿರಬೇಕೆಂದರು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ದಶಕಗಳ ಕಾಲ ಹುಡುಕಿದರೂ ಅದು ಸಿಗಲಿಲ್ಲ. ಬುಧನ ಪುರರವಿ ಶತಮಾನಕ್ಕೆ 43 ಸೆಕೆಂಡು ಕೋನದಷ್ಟು ಹೆಚ್ಚಾಗಿ ಸರಿಯುವುದಕ್ಕೆ ನಿಜವಾದ ಕಾರಣವನ್ನು 1915ರಲ್ಲಿ ಐನ್‌ಸ್ಟೈನ್‌ರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಕೊಟ್ಟಿತು.

ಗಣಿತಜ್ಞ ಒಬ್ಬರೇ, ತರ್ಕವೂ ಒಂದೇ. ಒಮ್ಮೆ ಪ್ರಕೃತಿ ಹೌದೆಂದಿತು, ಇನ್ನೊಮ್ಮೆ ಇಲ್ಲವೆಂದಿತು. ಲೆವೆರಿಯೇ ಎಷ್ಟೇ ಪ್ರಸಿದ್ಧರಾದರೂ ಅವರನ್ನು ಮೆಚ್ಚಿಸಲು ಪ್ರಕೃತಿ ವಲ್ಕನನ್ನು ಸೃಷ್ಟಿಸಲಿಲ್ಲ. ಆಟದ ಲೋಕ ಹಾಗಲ್ಲ. ಅಲ್ಲಿ ಕರ್ತೃ ಅಭಿಮಾನಿಗಳ ವಾದಗಳನ್ನು ಓದಬಲ್ಲ. ಮೆಚ್ಚಿದ್ದನ್ನು ಮುಂದಿನ ಭಾಗಕ್ಕೆ ಸೇರಿಸಬಲ್ಲ, ಮೆಚ್ಚದ್ದನ್ನು ಅಳಿಸಬಲ್ಲ. 2016ರ ಗುಪ್ತ ಕೊಠಡಿಯ 1983 ಮೊದಲೇ ಯೋಜಿಸಿದ್ದೋ, ಚರ್ಚೆಯ ನಂತರ ಸೇರಿದ್ದೋ, ಆಟದೊಳಗಿನಿಂದ ತೀರ್ಮಾನಿಸುವುದು ಸಾಧ್ಯವಿಲ್ಲ. ನಾಲ್ಕನೆಯ ಭಾಗದ ಕೊನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಂದಿದೆ. ಅದರೊಳಗೆ ಏನಿದೆ ಎಂದು ತಿಳಿಯಲು ಅಭಿಮಾನಿಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕರ್ತೃ ಅದನ್ನು ತೆರೆಯದೆ ಬಿಟ್ಟರು. ಕರ್ತೃ ಬರೆಯದಿದ್ದರೆ ಅಲ್ಲಿ ವಸ್ತುವೇ ಇಲ್ಲ. ಪ್ರಕೃತಿಯ ಪೆಟ್ಟಿಗೆಯಾದರೋ ಯಾರೂ ತೆರೆಯದಿದ್ದರೂ ಖಾಲಿಯಿರುವುದಿಲ್ಲ.

ಆದ್ದರಿಂದ ಫ್ಯಾನ್ ಥಿಯರಿ ಸಿದ್ಧಾಂತವಲ್ಲ. ಅದರ ಒಳ್ಳೆಯ ಮಾದರಿಗಳು ಪಠ್ಯವೊಂದರ ಶ್ರದ್ಧಾವಂತ ವ್ಯಾಖ್ಯಾನಗಳು. ಹಾಗೆಂದು ಅವನ್ನು ಕೀಳಾಗಿ ಕಾಣಬೇಕಿಲ್ಲ. ಪುರಾವೆಯನ್ನು ತೂಗುವುದು, ಒಂದೇ ನಿಯಮವನ್ನು ಎಲ್ಲೆಡೆ ಅನ್ವಯಿಸುವುದು, ಸೋತ ಊಹೆಯನ್ನು ಕೈಬಿಡುವುದು ಇವೆಲ್ಲ ಅಲ್ಲಿ ಆಟವಾಡುತ್ತಲೇ ಅಭ್ಯಾಸವಾಗುತ್ತವೆ.

ಅಧ್ಯಾಪಕರು ಇದನ್ನು ತರಗತಿಯಲ್ಲಿ ಬಳಸಬಹುದು. ವಿದ್ಯಾರ್ಥಿ ತನ್ನ ಮೆಚ್ಚಿನ ಥಿಯರಿಯನ್ನು ಒಂದು ವಾಕ್ಯದಲ್ಲಿ ಬರೆಯಲಿ. ಅದರ ಕೆಳಗೆ, ಏನು ಕಂಡರೆ ತಾನು ಇದನ್ನು ಬಿಡುತ್ತೇನೆ ಎಂಬುದನ್ನು ಇನ್ನೊಂದು ವಾಕ್ಯದಲ್ಲಿ ಬರೆಯಲಿ. ಎರಡನೆಯ ವಾಕ್ಯ ಬರೆಯಲು ಕಲಿತವನಿಗೆ ಜೀವವಿಕಾಸ ಸಿದ್ಧಾಂತ ‘ಬರಿಯ ಥಿಯರಿ’ ಏಕಲ್ಲ ಎಂಬುದನ್ನು ವಿವರಿಸುವುದು ಸುಲಭ. ಅದು ಆ ಎರಡನೆಯ ವಾಕ್ಯವನ್ನು ನೂರಾರು ಬಾರಿ ಬರೆದು, ಪ್ರತಿ ಬಾರಿಯೂ ಪ್ರಕೃತಿಯ ಮುಂದೆ ಪರೀಕ್ಷೆಗೆ ನಿಂತು, ಉಳಿದು ಬಂದಿದೆ.