ಕೀಟಗಳನ್ನು ಕೊಲ್ಲುವ ಶಿಲೀಂಧ್ರಗಳು: ಹೆಸರು ಮತ್ತು ವರ್ಗೀಕರಣ

ಪುಣೆಯ ಪೂರ್ವಕ್ಕಿರುವ ಹಡಪಸರವು ಒಂದು ಕಾಲಕ್ಕೆ ಕಬ್ಬು, ಕಾಯಿಪಲ್ಲೆಗಳ ಊರಾಗಿದ್ದಿತು. ಇಂದು ಅದು ನಗರದೊಳಗೆ ಸೇರಿಹೋಗಿದೆ. ಆದರೂ ನೆರೆಯ ಮಾಂಜರಿಯಲ್ಲಿ, 1975ರಲ್ಲಿ ಸ್ಥಾಪಿತವಾಗಿ ಈಗ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಎನಿಸಿಕೊಂಡಿರುವ ಸಂಸ್ಥೆಯಲ್ಲಿ ಕಬ್ಬಿನ ವ್ಯಾಸಂಗವು ನಡೆದುಬಂದಿದೆ. ಕಬ್ಬಿನ ಬೇರನ್ನು ತಿನ್ನುವ ಹುಳುವನ್ನು ಮರಾಠಿ ರೈತನು ‘ಹುಮಣಿ’ ಎನ್ನುತ್ತಾನೆ. ಕನ್ನಡ ರೈತನು ‘ಗೊಣ್ಣೆಹುಳು’ ಎನ್ನುತ್ತಾನೆ. ಇದರ ನಿವಾರಣೆಗೆಂದು ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ‘ಬಿ.ವಿ.ಎಂ.’ ಎಂಬ ಔಷಧಿಯು ಬಳಕೆಗೆ ಬಂದಿದೆ. ಬ್ಯೂವೇರಿಯ, ವರ್ಟಿಸಿಲಿಯಂ, ಮೆಟರೈಜಿಯಂ ಎಂಬ ಮೂರು ಶಿಲೀಂಧ್ರಗಳ ಆದ್ಯಕ್ಷರಗಳಿವು. ಈ ಮೂರಕ್ಷರಗಳನ್ನು ಪರಿಶೀಲಿಸಿದರೆ ಒಂದು ಶಾಸ್ತ್ರದ ಚರಿತ್ರೆಯೂ, ಕನ್ನಡದ ಕೃಷಿಬರವಣಿಗೆಯ ಒಂದು ಲೋಪವೂ ಗೋಚರವಾಗುತ್ತವೆ.

ಕೀಟಗಳಿಗೆ ರೋಗವನ್ನುಂಟುಮಾಡುವ ಶಿಲೀಂಧ್ರಗಳಲ್ಲಿ 700ಕ್ಕೂ ಹೆಚ್ಚು ಜಾತಿಗಳು ವಿದಿತವಾಗಿವೆ. ಕೀಟವು ಇವನ್ನು ತಿನ್ನಬೇಕಾದುದಿಲ್ಲ. ಬೀಜಕವು ಕೀಟದ ಮೈಗೆ ಅಂಟಿ, ಮೊಳೆತು, ಚರ್ಮವನ್ನು ಕರಗಿಸಿ ಒಳಹೊಕ್ಕು, ಅಲ್ಲಿ ವೃದ್ಧಿಹೊಂದುತ್ತದೆ. ಕೀಟವು ಸತ್ತ ಬಳಿಕ ಹೊರಬಂದು ಅದರ ಮೈಮೇಲೆ ಬೂಷ್ಟಾಗಿ ಹರಡುತ್ತದೆ. ಕಣ್ಣಿಗೆ ಮೊದಲು ಬೀಳುವುದು ಈ ಬೂಷ್ಟಿನ ಬಣ್ಣವೇ ಆದುದರಿಂದ, ಬಣ್ಣವೇ ಹೆಸರಿಗೆ ಆಧಾರವಾದುದು ಸಹಜ.

ಮೊದಲನೆಯ ಅಕ್ಷರವನ್ನು ನೋಡೋಣ. ರೇಷ್ಮೆಹುಳುವು ಸತ್ತು, ಗಡುಸಾಗಿ, ಸುಣ್ಣ ಬಳಿದಂತೆ ಬೆಳ್ಳಗಾಗುವ ರೋಗವನ್ನು ನಮ್ಮ ರೇಷ್ಮೆ ಸೀಮೆಯವರು ‘ಸುಣ್ಣಕಟ್ಟು’ ಎಂದು ಕರೆದಿದ್ದಾರೆ. ಇಟಲಿಯ ರೈತರೂ ಅದೇ ರೋಗಕ್ಕೆ ಸುಣ್ಣದಿಂದಲೇ ಹೆಸರನ್ನು ಕಟ್ಟಿದ್ದರೆಂಬುದು ಗಮನಾರ್ಹ. ಇದಕ್ಕೆ ಜೀವಂತವಾದ ಶಿಲೀಂಧ್ರವೇ ಕಾರಣವೆಂದು ಆಗೊಸ್ಟಿನೊ ಬಾಸಿ 1835ರಲ್ಲಿ ತೋರಿಸಿಕೊಟ್ಟನು. ಬ್ಯೂವೇರಿಯ ಬಾಸಿಯಾನ ಎಂಬಲ್ಲಿ ಉಳಿದಿರುವುದು ಅವನ ಹೆಸರೇ. ಹೀಗೆ ಕಬ್ಬಿನ ಹೊಲದಲ್ಲಿ ಮಿತ್ರನಾಗಿ ಬಂದಿರುವ ಶಿಲೀಂಧ್ರವು ರೇಷ್ಮೆಯ ಮನೆಯಲ್ಲಿ ಹಳೆಯ ಶತ್ರು. ಕಬ್ಬೂ ಹಿಪ್ಪುನೇರಳೆಯೂ ಬೆಳೆಯುವ ಮಂಡ್ಯದಂಥ ಜಿಲ್ಲೆಯಲ್ಲಿ ಇದು ಕೇವಲ ಪಂಡಿತರ ಚರ್ಚೆಯ ವಿಷಯವಾಗಲಾರದು.

ಎರಡನೆಯ ಅಕ್ಷರದ ಕಥೆ ವಿಚಿತ್ರವಾದುದು. ಶಲ್ಕಕೀಟಗಳನ್ನು ಕೊಲ್ಲುವ ಈ ಶಿಲೀಂಧ್ರಕ್ಕೆ 1898ರಲ್ಲಿ ಝಿಮ್ಮರ್‌ಮನ್ ಸೆಫಲೋಸ್ಪೋರಿಯಂ ಎಂದು ಹೆಸರಿಟ್ಟನು. 1939ರಲ್ಲಿ ಅದು ವರ್ಟಿಸಿಲಿಯಂ ಆಯಿತು. 2001ರಲ್ಲಿ ಲೆಕಾನಿಸಿಲಿಯಂ ಆಯಿತು. 2017ರಲ್ಲಿ ಅಕಾಂಥೋಮೈಸಿಸ್ ಎಂಬ ಕುಲಕ್ಕೆ ಸೇರಿತು. ಔಷಧಿಯ ಹೆಸರಿನಲ್ಲಿರುವ ‘ವಿ’ ಎಂಬುದು, ಶಾಸ್ತ್ರವು ಎಂದೋ ತೊರೆದ ಮನೆಯ ಹಳೆಯ ವಿಳಾಸ.

ಮೂರನೆಯದಾದ ಮೆಟರೈಜಿಯಂ ಅನಿಸಾಪ್ಲಿಯೆಯನ್ನು ಮೆಚ್‌ನಿಕಾಫ್ 1879ರಲ್ಲಿ ಗೋಧಿಯ ದುಂಬಿಯೊಂದರಲ್ಲಿ ಕಂಡು ವರ್ಣಿಸಿದನು. ನೂರಮೂವತ್ತು ವರ್ಷಗಳ ತರುವಾಯ, 2009ರಲ್ಲಿ, ವಂಶವಾಹಿಗಳ ಪರೀಕ್ಷೆಯಿಂದ ಈ ಒಂದು ಹೆಸರಿನಡಿ ಒಂಬತ್ತು ಜಾತಿಗಳನ್ನು ಗುರುತಿಸಲಾಯಿತು. ಕಣ್ಣಿಗೆ ಒಂದಾಗಿ ಕಂಡುದು ಕುಲದಲ್ಲಿ ಹಲವಾಗಿತ್ತು. ಇದಕ್ಕೆ ವಿಪರೀತವಾದ ತೊಡಕೂ ಇದ್ದಿತು: ಒಂದೇ ಶಿಲೀಂಧ್ರದ ಲೈಂಗಿಕಾವಸ್ಥೆಗೆ ಒಂದು ಹೆಸರು, ಅಲೈಂಗಿಕಾವಸ್ಥೆಗೆ ಇನ್ನೊಂದು. ಈ ದ್ವಿನಾಮ ಪದ್ಧತಿಯನ್ನು 2011ರಲ್ಲಿ ಮೆಲ್ಬರ್ನ್‌ನ ಸಮ್ಮೇಳನವು ಕೈಬಿಟ್ಟಿತು.

ಇಷ್ಟಾದರೂ ಕನ್ನಡದಲ್ಲಿ ‘ಬಿಳಿ ಶಿಲೀಂಧ್ರ’, ‘ಹಸಿರು ಶಿಲೀಂಧ್ರ’ ಎಂದು ಬರೆದು ಮುಗಿಸುವ ರೂಢಿಯುಂಟು. ಇದು ಸುಲಭ, ಆದರೆ ಅಪಾಯಕರ. ಬ್ಯೂವೇರಿಯವೂ ಬಿಳಿ, ಹಳೆಯ ವರ್ಟಿಸಿಲಿಯಂ ಕೂಡ ಬಿಳಿ. ಕಬ್ಬಿನ ಲೇಖಕನ ‘ಹಸಿರು’ ಮೆಟರೈಜಿಯಂ ಅನಿಸಾಪ್ಲಿಯೆ. ರೇಷ್ಮೆಯ ಗ್ರಂಥಕಾರನ ‘ಹಸಿರು’ ನೊಮುರಿಯ ರಿಲೆಯಿ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಎಲೆ ತಿನ್ನುವ ಹುಳುಗಳ ಮೇಲೆ ಪ್ರಯೋಗಿಸಿರುವುದು ಈ ಎರಡನೆಯದನ್ನೇ. 2014ರಲ್ಲಿ ಅದೂ ಮೆಟರೈಜಿಯಂ ಕುಲಕ್ಕೆ ಸೇರಿದುದರಿಂದ, ಈಗ ಕುಲನಾಮವೊಂದನ್ನೇ ಹೇಳಿದರೂ ಸಾಲದು.

ಹೆಸರುಗಳು ಹೀಗೆ ಬದಲಾಗುತ್ತಿರುವಾಗ ಅವನ್ನು ಕಲಿತು ಫಲವೇನೆಂಬ ಆಕ್ಷೇಪವು ಬರಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಖಾತೆದಾರನ ಹೆಸರು ಬದಲಾದರೂ ಖಾತೆಯ ಸಂಖ್ಯೆ ಉಳಿಯುತ್ತದಷ್ಟೆ. ಪುಣೆಯ ಆಘಾರಕರ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹದಲ್ಲಿ ಪ್ರತಿಯೊಂದು ತಳಿಗೂ ತನ್ನದೇ ಆದ ಸಂಖ್ಯೆಯುಂಟು. ತಳಿಯ ಸಂಖ್ಯೆ, ಅದು ದೊರೆತ ಕೀಟ, ದೊರೆತ ಸ್ಥಳ ಇವನ್ನು ದಾಖಲಿಸಿದ್ದರೆ, ಹೆಸರು ಎಷ್ಟು ಸಲ ಬದಲಾದರೂ ವಸ್ತುವು ಕೈತಪ್ಪದು.

ಆದುದರಿಂದ ಕನ್ನಡದ ಲೇಖಕನು ಎರಡು ಕೆಲಸಗಳನ್ನು ಬೆರೆಸಬಾರದು. ‘ಸುಣ್ಣಕಟ್ಟು’ ರೋಗದ ಹೆಸರು. ನೋಡಿದವರು ಕೊಟ್ಟದ್ದು, ಅರ್ಥವತ್ತಾದದ್ದು, ಅದನ್ನು ಬಿಡಬೇಕಾದ ಕಾರಣವಿಲ್ಲ. ಶಿಲೀಂಧ್ರದ ಹೆಸರನ್ನಾದರೋ ಜಾತಿಸಹಿತವಾಗಿ, ಕನ್ನಡ ಲಿಪಿಯಲ್ಲಿ, ಹಳೆಯ ಹೆಸರನ್ನೂ ಜೊತೆಗಿಟ್ಟು ಬರೆಯಬೇಕು. ಹೊಲದ ಬದುವಿನಾಚೆ ರೇಷ್ಮೆಹುಳು ಸಾಕಿರುವ ರೈತನಿಗೆ, ತಾನು ಚೆಲ್ಲುವ ಪುಡಿ ಯಾವುದೆಂದು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕುಂಟು. ‘ಜೈವಿಕ’ ಎಂಬ ಒಂದು ಮಾತು ಅದನ್ನು ತಿಳಿಸಲಾರದು.