ಬ್ರಸೆಲ್ಸ್‌ನ ಕಳ್ಳ ಅಚ್ಚು

1834ರ ನವೆಂಬರಿನಲ್ಲಿ ಫ್ರೆಂಚ್ ಕಾದಂಬರಿಕಾರ ಬಾಲ್ಝಾಕ್ ‘ರೆವ್ಯೂ ದ ಪಾರೀ’ ಪತ್ರಿಕೆಯಲ್ಲಿ ಫ್ರಾನ್ಸಿನ ಲೇಖಕರಿಗೆ ಬಹಿರಂಗ ಪತ್ರ ಬರೆದ. ಬೆಲ್ಜಿಯಂನ ಮುದ್ರಕರು ತಮ್ಮನ್ನು ದೋಚುತ್ತಿದ್ದಾರೆ, ಎಲ್ಲರೂ ಒಂದಾಗಬೇಕು ಎಂಬುದು ಅವನ ಕೂಗು. 1838ರಲ್ಲಿ ಲೇಖಕರ ಸಂಘ ಹುಟ್ಟಿತು. ಕಳ್ಳ ಅಚ್ಚು ಮಾತ್ರ ನಿಲ್ಲಲಿಲ್ಲ. ಎರಡು ದೇಶಗಳ ನಡುವೆ ಒಪ್ಪಂದವೇ ಇರಲಿಲ್ಲವಾದ್ದರಿಂದ ಬ್ರಸೆಲ್ಸ್‌ನಲ್ಲಿ ಅದು ಅಪರಾಧವೂ ಆಗಿರಲಿಲ್ಲ.

ಈ ದಂಧೆ ಬೆಳೆದದ್ದರಲ್ಲಿ ಪ್ಯಾರಿಸ್ಸಿನ ಪ್ರಕಾಶಕರ ಪಾಲೂ ದೊಡ್ಡದು. ಅಗಲವಾದ ಅಂಚು, ಖಾಲಿ ಪುಟಗಳನ್ನು ಬಿಟ್ಟು ಒಂದೇ ಕಾದಂಬರಿಯನ್ನು ಎರಡು ಸಂಪುಟಗಳಿಗೆ ಹಿಗ್ಗಿಸಿ, ಸಂಪುಟಕ್ಕೆ ಏಳೂವರೆ ಫ್ರಾಂಕ್ ಕೇಳುತ್ತಿದ್ದರು. ಬ್ರಸೆಲ್ಸ್‌ನವರು ಅದನ್ನೇ ಒಂದು ಚಿಕ್ಕ ಪುಸ್ತಕಕ್ಕೆ ಇಳಿಸಿ ಅಗ್ಗಕ್ಕೆ ಮಾರಿದರು. ಲೇಖಕನಿಗೆ ಬಿಡಿಗಾಸೂ ಇಲ್ಲ. 1838ರಲ್ಲಿ ಪ್ರಕಾಶಕ ಶಾರ್ಪಾಂತಿಯೇ ಮೂರೂವರೆ ಫ್ರಾಂಕಿನ, ಒತ್ತಾಗಿ ಅಚ್ಚಾದ ಪುಸ್ತಕಗಳ ಮಾಲೆ ತಂದ ಮೇಲೆಯೇ ಪ್ಯಾರಿಸ್ ಪಾಠ ಕಲಿತದ್ದು.

ಹಣದ ನಷ್ಟದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಅದಕ್ಕಿಂತ ಘೋರವಾಗಿ ಕಾಣುವುದು ಕೃತಿಗೆ ಆದ ಗಾಯ. ಬಾಲ್ಝಾಕ್ ಬರೆಯುತ್ತಿದ್ದುದೇ ಕರಡಚ್ಚಿನ ಮೇಲೆ. ಅಚ್ಚಾಗಿ ಬಂದ ಹಾಳೆಯ ಅಂಚಿನಲ್ಲಿ ಹೊಸ ವಾಕ್ಯ, ಹೊಸ ಪ್ರಸಂಗ ಸೇರಿಸಿ ಮತ್ತೆ ಮತ್ತೆ ಜೋಡಿಸಲು ಕಳಿಸುತ್ತಿದ್ದ. 1835ರಲ್ಲಿ ‘ಕಣಿವೆಯ ಲಿಲಿ’ ಕಾದಂಬರಿಯ ಇಂಥ ಅರೆಬೆಂದ ಕರಡನ್ನು ‘ರೆವ್ಯೂ ದ ಪಾರೀ’ಯ ಸಂಪಾದಕ ಬ್ಯೂಲೋಝ್ ಸೇಂಟ್ ಪೀಟರ್ಸ್‌ಬರ್ಗಿನ ಪತ್ರಿಕೆಯೊಂದಕ್ಕೆ ಕೊಟ್ಟುಬಿಟ್ಟ. ಲೇಖಕ ಒಪ್ಪದ ಪಾಠ ಅವನ ಹೆಸರಿನಲ್ಲೇ ರಷ್ಯಾದ ಓದುಗರನ್ನು ತಲುಪಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ 1836ರಲ್ಲಿ ತೀರ್ಪು ಬಾಲ್ಝಾಕ್ ಪರವಾಗಿ ಬಂತು. ಆದರೆ ಓದಿ ಮುಗಿಸಿದವರ ಮನಸ್ಸಿನಿಂದ ಆ ಪಾಠವನ್ನು ಯಾವ ತೀರ್ಪು ಅಳಿಸೀತು? ಬ್ರಸೆಲ್ಸ್‌ನವರೂ ಧಾರಾವಾಹಿಯ ಕಂತುಗಳನ್ನು ಕತ್ತರಿಸಿ, ಪ್ಯಾರಿಸ್ಸಿನ ಪುಸ್ತಕ ಬರುವ ಮೊದಲೇ ಹೊರತರುತ್ತಿದ್ದರು. ಹಾಗಾಗಿ ಎಷ್ಟೋ ಕೃತಿಗಳಿಗೆ ಕಾಲಕ್ರಮದಲ್ಲಿ ‘ಮೊದಲ ಆವೃತ್ತಿ’ ಎನಿಸಿಕೊಳ್ಳುವುದು ಕಳ್ಳ ಪ್ರತಿಯೇ. ಸಂಗ್ರಾಹಕರು ಅದಕ್ಕೆ ಮುಗಿಬೀಳಲಿ. ವಿಮರ್ಶಕ ಅದನ್ನು ಮೂಲವೆಂದು ಒಪ್ಪಬಾರದು.

ಕೃತಿಯನ್ನು ಕದಿಯುವುದು ರೂಢಿಯಾದ ಕಾಲದಲ್ಲಿ ಹೆಸರಿಗೂ ರಕ್ಷಣೆಯಿರಲಿಲ್ಲ. 1853ರಲ್ಲಿ ಲಿಸ್ಬನ್‌ನಲ್ಲಿ ಹೋಗನ್ ಎಂಬಾತ ಬರೆದ ‘ಮಾಂಟೆ ಕ್ರಿಸ್ಟೋ’ದ ಮುಂದುವರಿಕೆ ಮೂಲ ಲೇಖಕ ಡ್ಯೂಮಾನದೇ ಎಂಬಂತೆ ದೇಶ ದೇಶ ಸುತ್ತಿತು.

1852ರ ಆಗಸ್ಟಿನಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಕಳ್ಳ ಅಚ್ಚನ್ನು ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಬಾಲ್ಝಾಕ್ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಕಳ್ಳ ಪ್ರತಿಗಳು ಫ್ರೆಂಚ್ ಕಾದಂಬರಿಯನ್ನು ಯುರೋಪಿನ ತುಂಬ ಹರಡಿದವು ಎಂಬ ಸಮರ್ಥನೆಯಲ್ಲಿ ನಿಜವಿದೆ, ಆದರೆ ಹರಡಿದ್ದು ಎಷ್ಟೋ ಸಲ ಲೇಖಕ ಕೈಬಿಟ್ಟ ಪಾಠವನ್ನು. ಆ ಶತಮಾನದ ಕಾದಂಬರಿಯನ್ನು ಅನುವಾದಕ್ಕೆ ಎತ್ತಿಕೊಳ್ಳುವವರು ತಮ್ಮ ಕೈಯಲ್ಲಿರುವುದು ಯಾವ ಆವೃತ್ತಿ ಎಂದು ಮೊದಲು ನೋಡಿಕೊಳ್ಳಿ. ಬಾಲ್ಝಾಕ್ ವಿಷಯದಲ್ಲಿ ನಂಬಬೇಕಾದದ್ದು, ಪ್ರಕಾಶಕ ಫ್ಯೂರ್ನ್ ತಂದ ಆವೃತ್ತಿಯ ತನ್ನ ಸ್ವಂತ ಪ್ರತಿಯಲ್ಲಿ ಅವನೇ ಕೈಯಾರೆ ತಿದ್ದಿಟ್ಟುಹೋದ ಪಾಠವನ್ನು.